ಬರಹಗಾರರಿಗೆ ಸಲಹೆ: ರೈಸ್ ಅವರ ಕಾಲು ಎಲ್ಲಿತ್ತು?

ಪ್ರಿಯ ಬರಹಗಾರರೇ,

‘ಚೆಂಡಿನ ಚಕ್ರವರ್ತಿ ಯಾರು?’ ಎಂಬ ನಿಮ್ಮ ಲೇಖನ ಕೈಸೇರಿ ಹದಿನೈದು ದಿನಗಳಾದವು. ಅಮೆರಿಕನ್ ಫುಟ್‌ಬಾಲ್‌ನ ವೈಡ್ ರಿಸೀವರ್‌ಗಳಲ್ಲಿ, ಅಂದರೆ ಅಂಗಳದ ಅಂಚಿನಿಂದ ಓಡಿಬಂದು ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವ ಆಟಗಾರರಲ್ಲಿ, ಸಾರ್ವಕಾಲಿಕ ಶ್ರೇಷ್ಠರು ಯಾರು ಎಂಬ ಚರ್ಚೆಯನ್ನು ಕನ್ನಡದಲ್ಲಿ ಒಂಬತ್ತು ಪುಟ ನಡೆಸಿದ್ದೀರಿ. ವಿಷಯ ಹೊಸದು, ಭಾಷೆ ಸ್ವಚ್ಛ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಓದಿ ಮುಗಿಸಿದ ರಾತ್ರಿ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಸಾಧಾರಣ ಲೇಖನಗಳು ಸಿಟ್ಟು ತರಿಸುವುದಿಲ್ಲ. ಅವನ್ನು ಎರಡು ಸಾಲಿನ ಪತ್ರದೊಡನೆ ಹಿಂದಿರುಗಿಸಿ ಮರೆಯುತ್ತೇನೆ. ನಿಮ್ಮದನ್ನು ಮೂರು ಸಲ ಓದಿದೆ.

ಎರಡನೇ ಪುಟದಲ್ಲಿ ಹೀಗಿದೆ: ‘ಜೆರ್ರಿ ರೈಸ್ 1,549 ಬಾರಿ ಚೆಂಡು ಹಿಡಿದರು, ರ್‍ಯಾಂಡಿ ಮಾಸ್ 982 ಬಾರಿ, ಡಾನ್ ಹಟ್ಸನ್ 488 ಬಾರಿ. ಅಂಕಿಗಳೇ ಮಾತನಾಡುತ್ತಿರುವಾಗ ನಾವು ಹೇಳುವುದೇನಿದೆ?’

ಹೇಳುವುದು ಬಹಳ ಇದೆ, ಹೇಳಬೇಕಾದವರು ನೀವೇ. ಸೇರಿನಲ್ಲಿ ಅಳೆದದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಒಂದೇ ಸಾಲಿನಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳಿದ್ದೀರಿ. ರೈಸ್ ಆಡಿದ್ದು 303 ಪಂದ್ಯ, ಮಾಸ್ 218, ಹಟ್ಸನ್ 116. ಪಂದ್ಯಕ್ಕೆ ಇಷ್ಟು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು, ಎಂದು ಭಾಗಿಸಿ ನೋಡಿದ್ದರೆ ನಿಮ್ಮ ಸಾಲು ತಲೆಕೆಳಗಾಗುತ್ತಿತ್ತು. 99 ಟಚ್‌ಡೌನ್ ಹಿಡಿದ ಹಟ್ಸನ್ ಎಲ್ಲರಿಗಿಂತ ಮುಂದೆ, ಅವರ ಹಿಂದೆ ಮಾಸ್, ಕೊನೆಗೆ ರೈಸ್. ಹಾಗೆಂದು ಹಟ್ಸನ್ ಅವರೇ ಶ್ರೇಷ್ಠರೇ? ಅದನ್ನೂ ಅಷ್ಟು ಸಲೀಸಾಗಿ ಹೇಳಲಾಗದು. ಚರ್ಚೆ ಶುರುವಾಗಬೇಕಿದ್ದದ್ದು ಅಲ್ಲಿ, ನೀವು ಮುಗಿಸಿದ್ದೂ ಅಲ್ಲೇ.

ಅದರ ಕೆಳಗೇ ‘ಹಟ್ಸನ್ ಅವರ ಕಾಲದ ಆಟ ಹಳತಾದ್ದರಿಂದ ಅವರನ್ನು ಬದಿಗಿಡೋಣ’ ಎಂದಿದ್ದೀರಿ. ಈ ‘ಬದಿಗಿಡೋಣ’ ನನ್ನನ್ನು ಬಹಳ ಕೆಣಕಿತು. 1942ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಹನ್ನೊಂದೇ ಪಂದ್ಯಗಳಲ್ಲಿ ಅವರು 74 ಬಾರಿ ಚೆಂಡು ಹಿಡಿದು 1,211 ಗಜ ಮತ್ತು 17 ಟಚ್‌ಡೌನ್ ಗಳಿಸಿದರು. ಆ ವರ್ಷ ಎರಡನೇ ಸ್ಥಾನದಲ್ಲಿದ್ದವರು ಚೆಂಡು ಹಿಡಿದದ್ದು ಅದರ ಅರ್ಧದಷ್ಟೂ ಅಲ್ಲ. ತಂಡಗಳು ಚೆಂಡನ್ನು ಎಸೆಯುವುದಕ್ಕಿಂತ ಎದೆಗವಚಿಕೊಂಡು ನುಗ್ಗುವುದನ್ನೇ ನಂಬಿದ್ದ ಕಾಲ ಅದು. ಹಟ್ಸನ್ ರಕ್ಷಣೆಯಲ್ಲೂ ಆಡುತ್ತಿದ್ದರು, ಗೋಲಿಗೆ ಚೆಂಡನ್ನೂ ಒದೆಯುತ್ತಿದ್ದರು. ಅವರ 99ರ ದಾಖಲೆ ಮುರಿದದ್ದು 1989ರಲ್ಲಿ, ಸ್ಟೀವ್ ಲಾರ್ಜೆಂಟ್ ಅವರಿಂದ. ನಲವತ್ತನಾಲ್ಕು ವರ್ಷ ನಿಂತ ದಾಖಲೆಯನ್ನು ಒಂದು ಕ್ರಿಯಾಪದದಿಂದ ಬದಿಗಿಡಲಾಗುವುದಿಲ್ಲ.

ಅವರನ್ನು ಅನುಮಾನಿಸಲು ಗಟ್ಟಿಯಾದ ಕಾರಣವೇ ಇತ್ತು, ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. 1934ರಿಂದ 1945ರವರೆಗೆ ಇವರೆಲ್ಲ ಆಡಿದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಹಟ್ಸನ್ ಆಡಿದ್ದು 1935ರಿಂದ 1945ರವರೆಗೆ. ಅವರ ಇಡೀ ವೃತ್ತಿಜೀವನ ಆ ಬಾಗಿಲು ಮುಚ್ಚಿದ್ದ ವರ್ಷಗಳ ಒಳಗೇ ಮುಗಿದಿದೆ. ಮರುವರ್ಷ, 1946ರಲ್ಲಿ, ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡ ಸೇರಿದರು. ಯುದ್ಧದ ವರ್ಷಗಳಲ್ಲಿ ಅನೇಕರು ಸೈನ್ಯಕ್ಕೆ ಹೋಗಿ ಎದುರಾಳಿ ತಂಡಗಳೂ ಸೊರಗಿದ್ದವು. ಇದು ಹಟ್ಸನ್ ಅವರ ತಪ್ಪಲ್ಲ. ಆದರೆ ಅವರ ಸಂಖ್ಯೆಯ ತೂಕ ಗೊತ್ತಾಗಬೇಕಾದರೆ ಇದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಲೇಬೇಕು. ‘ಹಳತು’ ಎಂಬ ನಿಮ್ಮ ಪದ ಇವೆಲ್ಲವನ್ನೂ ಮುಚ್ಚಿಬಿಟ್ಟಿದೆ.

ನಾಲ್ಕನೇ ಪುಟಕ್ಕೆ ಬರುತ್ತೇನೆ. ‘2007ರಲ್ಲಿ ಮಾಸ್ 23 ಟಚ್‌ಡೌನ್ ಹಿಡಿದು ರೈಸ್ ಅವರ 22ರ ದಾಖಲೆಯನ್ನು ಧೂಳೀಪಟ ಮಾಡಿದರು.’ 23ಕ್ಕೂ 22ಕ್ಕೂ ನಡುವೆ ಇರುವುದು ಒಂದು. ಒಂದರಿಂದ ಯಾವುದೂ ಧೂಳೀಪಟವಾಗುವುದಿಲ್ಲ. ಮಾಸ್ ಅವರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಅದನ್ನು ಸಾಧಿಸಿದ್ದು ಹದಿನಾರು ಪಂದ್ಯಗಳಲ್ಲಿ. ರೈಸ್ 1987ರಲ್ಲಿ ಆಡಿದ್ದು ಹನ್ನೆರಡೇ, ಏಕೆಂದರೆ ಆಟಗಾರರ ಮುಷ್ಕರದಿಂದ ಆ ಋತು ಮೊಟಕಾಗಿತ್ತು. ಆ ವರ್ಷ ಅವರ ನಂತರದ ಸ್ಥಾನದಲ್ಲಿದ್ದ ಮೈಕ್ ಕ್ವಿಕ್ ಅವರದು 11. ಎರಡನೆಯವರಿಗಿಂತ ಸರಿಯಾಗಿ ಎರಡು ಪಟ್ಟು! ಈ ಒಂದು ಸಂಗತಿಗೆ ಅರ್ಧ ಪುಟ ಕೊಟ್ಟಿದ್ದರೆ ನಿಮ್ಮ ಓದುಗ ಕುರ್ಚಿಯ ಅಂಚಿಗೆ ಬಂದು ಕೂರುತ್ತಿದ್ದ. ನೀವು ಆ ಜಾಗವನ್ನು ‘ಧೂಳೀಪಟ’ಕ್ಕೆ ಕೊಟ್ಟಿರಿ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ‘ಮಿಂಚಿನಂತೆ’ ಎಂಬ ಪದವನ್ನು ಹನ್ನೊಂದು ಕಡೆ ಬಳಸಿದ್ದೀರಿ, ಗುರುತು ಹಾಕಿದ್ದೇನೆ. ‘ಹಕ್ಕಿಯಂತೆ ಹಾರಿ’ ಆರು ಕಡೆ ಇದೆ. ಹದಿನೇಳು ಕಡೆಯೂ ಆಟಗಾರರ ಹೆಸರನ್ನು ಅದಲುಬದಲು ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಮಾಸ್ ಹಕ್ಕಿಯಂತೆ ಹಾರಿದರು ಎಂದು ಬರೆದವರು ಮಾಸ್ ಅವರನ್ನು ನೋಡಿಲ್ಲ. 1998ರ ಥ್ಯಾಂಕ್ಸ್‌ಗಿವಿಂಗ್ ದಿನ ಡಲ್ಲಾಸ್‌ನಲ್ಲಿ, ಮಿನ್ನೆಸೋಟ ತಂಡದ ಹೊಸಬರಾಗಿ ಅವರು ಮೂರೇ ಬಾರಿ ಚೆಂಡು ಹಿಡಿದರು. ಮೂರೂ ಟಚ್‌ಡೌನ್, 51, 56 ಮತ್ತು 56 ಗಜ. ಮಾಸ್ ಓಡುವಾಗ ಅವರ ಕೈಗಳನ್ನು ನೋಡಿ. ಚೆಂಡು ತಲೆಯ ಮೇಲೆ ಇಳಿಯುತ್ತಿದ್ದರೂ ಕೈಗಳು ಸೊಂಟದ ಮಟ್ಟದಲ್ಲೇ ಇರುತ್ತವೆ. ಪಕ್ಕದಲ್ಲಿ ಬೆನ್ನು ತಿರುಗಿಸಿ ಓಡುವ ರಕ್ಷಕನಿಗೆ ಚೆಂಡು ಕಾಣುವುದಿಲ್ಲ. ಅವನು ಓದುವುದು ರಿಸೀವರ್‌ನ ಕಣ್ಣನ್ನೂ ಕೈಯನ್ನೂ. ಮಾಸ್ ಅವೆರಡನ್ನೂ ಕೊನೆಯ ಕ್ಷಣದವರೆಗೆ ಅವನಿಗೆ ಕೊಡುವುದಿಲ್ಲ. ಕೈ ಎತ್ತುವ ಹೊತ್ತಿಗೆ ಚೆಂಡು ಬಂದೇಬಿಟ್ಟಿರುತ್ತದೆ. ಜಿಗಿತ ಆಮೇಲಿನ ಮಾತು.

ಇಲ್ಲಿ ನನ್ನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ.

1988ರಲ್ಲಿ ನಾನು ಜಿಲ್ಲಾ ಪತ್ರಿಕೆಯೊಂದರ ಕ್ರೀಡಾ ಪುಟಕ್ಕೆ ತರಬೇತಿಗೆ ಸೇರಿದೆ. ಮೊದಲ ವರದಿ ಕಬಡ್ಡಿ ಫೈನಲ್‌ದು. ‘ಮಿಂಚಿನ ದಾಳಿ ನಡೆಸಿ’ ಎಂದು ನಾನೂ ಬರೆದಿದ್ದೆ. ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ಅದರ ಕೆಳಗೆ ಗೆರೆ ಎಳೆದು, ‘ಗೆರೆಗೆ ವಾಪಸಾಗುವಾಗ ಅವನು ಯಾವ ಕಾಲು ಊರಿದ್ದ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ‘ಹಾಗಾದರೆ ನೀನು ಪಂದ್ಯಕ್ಕೆ ಹೋಗಿಲ್ಲ’ ಎಂದು ಕಾಗದವನ್ನು ನನ್ನ ಮುಂದೆ ಇಟ್ಟರು. ಇಡೀ ಪಂದ್ಯ ಗೆರೆಯ ಪಕ್ಕದಲ್ಲೇ ಕುಳಿತಿದ್ದವನು ನಾನು. ಕಣ್ಣಲ್ಲಿ ನೀರು ಬಂತು.

ಮರುದಿನ ಆ ಆಟಗಾರನನ್ನು ಹುಡುಕಿಕೊಂಡು ಅವನು ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಗೆ ಹೋದೆ. ಊಟದ ಬಿಡುವಿನಲ್ಲಿ, ತೌಡು ಹರಡಿದ್ದ ಅಂಗಳದಲ್ಲಿ, ಅವನು ಪಂಚೆ ಎತ್ತಿಕಟ್ಟಿ ತೋರಿಸಿದ. ಎಡಗಾಲನ್ನು ಧಪ್ಪೆಂದು ಊರುತ್ತಾನೆ, ಆದರೆ ಭಾರ ಹಾಕುವುದಿಲ್ಲ. ಸದ್ದು ಕೇಳಿ ಹಿಡಿಯುವವನು ಆ ಕಡೆಗೆ ವಾಲುತ್ತಾನೆ. ಅಷ್ಟರಲ್ಲಿ ಬಲಗಾಲು ಹೊರಟಿರುತ್ತದೆ. ತೌಡಿನ ಮೇಲೆ ಎಡಹೆಜ್ಜೆಯ ಗುರುತು ತೀರಾ ತೆಳುವಾಗಿತ್ತು, ಬಲಹೆಜ್ಜೆಯ ಗುರುತು ನೆಲದವರೆಗೆ ಇಳಿದಿತ್ತು. ಆ ಎರಡು ಗುರುತುಗಳು ಇಂದಿಗೂ ನನ್ನ ಕಣ್ಣ ಮುಂದಿವೆ.

ಕೆಲವು ವರ್ಷಗಳ ನಂತರ ಕ್ಯಾಲಿಫೋರ್ನಿಯಾದಲ್ಲಿದ್ದ ಅಣ್ಣ ಒಂದು ವಿಡಿಯೊ ಕ್ಯಾಸೆಟ್ ಕಳುಹಿಸಿದ. ಅಮೆರಿಕದ ಕ್ಯಾಸೆಟ್ ಇಲ್ಲಿನ ಯಂತ್ರದಲ್ಲಿ ಓಡುತ್ತಿರಲಿಲ್ಲ. ಎರಡೂ ಪದ್ಧತಿಗೆ ಒಗ್ಗುವ ಯಂತ್ರವನ್ನು ಬಾಡಿಗೆಗೆ ತಂದೆ. ಅದು 1989ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ 23ನೇ ಸೂಪರ್ ಬೌಲ್, ಅಂದರೆ ಆ ಲೀಗ್‌ನ ಫೈನಲ್. ನಿಯಮ ಒಂದೂ ತಿಳಿಯದೆ ನೋಡಿದೆ. ರೈಸ್ ಅಂಚಿನಲ್ಲಿ ಓಡಿ, ಹೆಜ್ಜೆಯನ್ನು ಕತ್ತರಿಸಿ ಒಳಕ್ಕೆ ತಿರುಗಿದಾಗ ನಾನು ಕುಳಿತಲ್ಲಿಂದ ಎದ್ದು ನಿಂತೆ. ಆ ಗಿರಣಿಯ ಅಂಗಳ ಟಿವಿಯೊಳಗೆ ಕಾಣುತ್ತಿತ್ತು.

ನಿಮ್ಮ ಲೇಖನದಲ್ಲಿ ಆ ಪಂದ್ಯಕ್ಕೆ ಒಂದೇ ಸಾಲು: ‘ರೈಸ್ 11 ಬಾರಿ ಚೆಂಡು ಹಿಡಿದು 215 ಗಜ ಗಳಿಸಿ ಪಂದ್ಯಶ್ರೇಷ್ಠರಾದರು.’ ಅಷ್ಟೇ! ರೈಸ್ ಅವರ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸಿನ್ಸಿನಾಟಿಯ ಎದುರು 13–16ರಿಂದ ಹಿಂದಿತ್ತು, ಉಳಿದದ್ದು ಮೂರು ನಿಮಿಷ ಚಿಲ್ಲರೆ, ಚೆಂಡು ಅವರದೇ ತುದಿಯ ಎಂಟನೇ ಗಜದ ಗೆರೆಯಲ್ಲಿತ್ತು. ಅಲ್ಲಿಂದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನ 92 ಗಜ ತಂಡವನ್ನು ಮುನ್ನಡೆಸಿದರು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗಬೇಕಾದ ಆಟ ಇದು. ದಾರಿಯಲ್ಲಿ ಒಂದು ದಂಡ ಬಿದ್ದು, ಎರಡನೇ ಯತ್ನಕ್ಕೆ ಇಪ್ಪತ್ತು ಗಜ ಬೇಕಾಯಿತು. ಆಗ ರೈಸ್ ಅಂಗಳದ ನಡುವೆ ಸಿನ್ಸಿನಾಟಿಯ ರಕ್ಷಕರ ಮಧ್ಯೆ ಚೆಂಡು ಹಿಡಿದು 27 ಗಜ ದಾಟಿದರು. ಗೆಲುವಿನ ಟಚ್‌ಡೌನ್ ಹಿಡಿದದ್ದು ಅವರ ಜೊತೆಯ ರಿಸೀವರ್ ಜಾನ್ ಟೇಲರ್, 34 ಸೆಕೆಂಡು ಉಳಿದಿರುವಾಗ. ಆ ಯತ್ನದಲ್ಲಿ ಸಿನ್ಸಿನಾಟಿಗೆ ರೈಸ್ ಅವರ ಮೇಲಿನ ಕಣ್ಣನ್ನು ತೆಗೆಯುವ ಧೈರ್ಯವಿರಲಿಲ್ಲ, ಟೇಲರ್ ಅವರಿಗೆ ದಾರಿ ತೆರೆಯಿತು. ರೈಸ್ ಅವರ 1,549ರಲ್ಲಿ ಆ ಚೆಂಡು ಇಲ್ಲ. ನಿಮ್ಮ ಕೋಷ್ಟಕದಲ್ಲಿ ಅದಕ್ಕೆ ಮನೆಯೇ ಇಲ್ಲ. ನನಗೆ ಕೇಳಿದರೆ ರೈಸ್ ಅವರೇ ಶ್ರೇಷ್ಠರು, ಅದಕ್ಕೆ ನಾನು ಮೊದಲು ಕೊಡುವ ಸಾಕ್ಷಿ ಅವರು ಹಿಡಿಯದ ಆ ಚೆಂಡು.

ಮಿಸಿಸಿಪ್ಪಿಯಲ್ಲಿ ಇಟ್ಟಿಗೆ ಕೆಲಸದ ತಂದೆಗೆ ನೆರವಾಗುತ್ತಾ, ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಅವರ ಕೈ ಪಳಗಿತು ಎಂದು ಚೆನ್ನಾಗಿಯೇ ಬರೆದಿದ್ದೀರಿ. ಆದರೆ 1985ರ ಮೊದಲ ಋತುವಿನಲ್ಲಿ ಅದೇ ಕೈ ಚೆಂಡು ಜಾರಿಸುತ್ತಿತ್ತು, ತವರಿನ ಪ್ರೇಕ್ಷಕರೇ ಕೂಗಿ ಹೀಯಾಳಿಸಿದರು. ಅದನ್ನು ಬಿಟ್ಟುಬಿಟ್ಟಿದ್ದೀರಿ. ಏಕೆ? ಶ್ರೇಷ್ಠರೆಂದು ಕರೆಯುವವರ ಕೈಯಿಂದ ಒಂದು ಚೆಂಡೂ ಬೀಳಬಾರದೇ?

ಟೆರೆಲ್ ಓವೆನ್ಸ್, ಲ್ಯಾರಿ ಫಿಟ್ಜ್‌ಜೆರಾಲ್ಡ್, ಕ್ಯಾಲ್ವಿನ್ ಜಾನ್ಸನ್ ಕುರಿತ ಪುಟಗಳಿಗೆ ನಾನು ಕೈ ಹಚ್ಚಿಲ್ಲ.

ಕೋಷ್ಟಕವನ್ನು ಸದ್ಯಕ್ಕೆ ಎತ್ತಿಡಿ. ನಾನು ಬಾಡಿಗೆ ಯಂತ್ರದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ್ದನ್ನು ನೀವು ಮೊಬೈಲ್‌ನಲ್ಲೇ ನಿಧಾನಿಸಿ ನೋಡಬಹುದು. ಆ 27 ಗಜದ ಓಟವನ್ನು ಹತ್ತು ಸಲ ನೋಡಿ. ಒಳಕ್ಕೆ ತಿರುಗುವ ಮೊದಲು ರೈಸ್ ಊರಿದ ಕಾಲು ಯಾವುದು, ಭಾರ ಎಲ್ಲಿತ್ತು, ಎದುರಿಗಿದ್ದವನು ಯಾವ ಕಡೆಗೆ ವಾಲಿದ, ಇಷ್ಟನ್ನು ಒಂದು ಪ್ಯಾರಾದಲ್ಲಿ ಬರೆದು ಕಳುಹಿಸಿ. ಲೇಖನ ಆಮೇಲೆ ಬರಲಿ. ಫೆಬ್ರುವರಿ ಸಂಚಿಕೆಯಲ್ಲಿ ಆರು ಪುಟ ಖಾಲಿ ಇಟ್ಟಿದ್ದೇನೆ.

ನಿಮ್ಮ,
ಸಂಪಾದಕ