ಪ್ರತಿಕ್ರಿಯೆ: ಶಾಖಕ್ಕೆ ಮೂಡುವ ಚಿಹ್ನೆ ಇಲ್ಲದ ಮಾತ್ರಕ್ಕೆ ನಕಲಿಯಲ್ಲ

ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಕೊಂಡ, ಲಾರಿಯಾಗಿ ಬದಲಾಗುವ ಕೆಂಪು-ನೀಲಿ ಟ್ರಾನ್ಸ್‌ಫಾರ್ಮರ್ಸ್ ರೋಬೋ ಆಟಿಕೆಯ ಮೇಲೆ ಬೆರಳಿನ ಶಾಖಕ್ಕೆ ಮುಖಚಿಹ್ನೆ ಮೂಡುವ ಸ್ಟಿಕರ್ ಇಲ್ಲ, ಆದ್ದರಿಂದ ಅದು ನಕಲಿಯೇ ಎಂದು ಕೇಳಿದ್ದೀರಿ. ಹಾಗೆಂದು ತೀರ್ಮಾನಿಸಬೇಡಿ. ಜಪಾನಿನ ಟಕಾರಾ ಸಂಸ್ಥೆಯ ಡಯಾಕ್ಲೋನ್ ಮೊದಲಾದ ಆಟಿಕೆಗಳ ಅಚ್ಚುಗಳನ್ನೇ ಬಳಸಿ ಅಮೆರಿಕದ ಹ್ಯಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಹೆಸರಿನಲ್ಲಿ ಮಾರಾಟಕ್ಕೆ ತಂದ ಮೊದಲ ಆಟಿಕೆಗಳಲ್ಲಿ ಆ ಸ್ಟಿಕರ್ ಇರಲೇ ಇಲ್ಲ. ಅಸಲಿತನದ ಗುರುತಾಗಿ ಅದು ಸೇರಿದ್ದು 1985ರಲ್ಲಿ. ಮೈಮೇಲೆ ಅಚ್ಚೊತ್ತಿದ ಇಸವಿಯೊಂದನ್ನೇ ನಂಬುವುದೂ ತಪ್ಪು, ಏಕೆಂದರೆ ಕಂಪನಿಯೇ ಮುಂದೆ ಮತ್ತೆ ತಯಾರಿಸಿದ ಆವೃತ್ತಿಗಳಲ್ಲಿಯೂ ನಕಲುಗಳಲ್ಲಿಯೂ ಹಳೆಯ ಇಸವಿಯೇ ಉಳಿದಿರಬಹುದು. ಲೋಹದ ಭಾಗಗಳ ತೂಕ, ಕೀಲುಗಳ ಬಿಗಿ, ಅಕ್ಷರಗಳ ಸ್ಪಷ್ಟತೆ ಇವನ್ನು ಒಟ್ಟಾಗಿ ನೋಡಿರಿ. ಅಲ್ಲಿಯವರೆಗೆ, ದಯವಿಟ್ಟು, ಬಿಗಿಯಾದ ಕೀಲನ್ನು ಬಲವಂತವಾಗಿ ತಿರುಗಿಸಬೇಡಿ. ಹುಬ್ಬಳ್ಳಿಯ ಬೇಸಿಗೆಯ ಬಿಸಿಲು ಬೀಳುವ ಕಿಟಕಿಯಲ್ಲಂತೂ ಇಡಲೇಬೇಡಿ, ಹಳೆಯ ಪ್ಲಾಸ್ಟಿಕ್ ಹಳದಿಯಾಗುತ್ತದೆ.