ಓದುಗರ ಪ್ರಶ್ನೆ: ಮಾಳಿಗೆ ಮೇಲಿನ ಕೂಟಕ್ಕೆ ಹಾಡಿನ ಪಟ್ಟಿ

ಪ್ರಶ್ನೆ: ಮೇ ರಜೆಗೆ ಊರಿಗೆ ಬರುವ ಗೆಳೆಯರೆಲ್ಲ ಸೇರಿದರೆ ಇಪ್ಪತ್ತೈದು ಜನ ಆಗುತ್ತೇವೆ. ಮನೆ ಮಾಳಿಗೆ ಮೇಲೆ ಸಂಜೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಕೂಟ. ಹೋದ ವರ್ಷ ಮುನ್ನೂರು ಹಾಡು ತುಂಬಿಸಿ ಶಫಲ್‌ಗೆ ಬಿಟ್ಟಿದ್ದೆವು. ಒಬ್ಬೊಬ್ಬರೇ ಬಂದು ಹಾಡು ಬದಲಿಸಿದ್ದೇ ಬದಲಿಸಿದ್ದು, ಕುಣಿದವರು ಯಾರೂ ಇಲ್ಲ. ಈ ಸಲ ಹೇಗೆ ಮಾಡೋಣ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಮುನ್ನೂರು ಬೇಡ, ಅರವತ್ತು ಸಾಕು. ನಾಲ್ಕೂವರೆ ತಾಸು ಅಂದರೆ 270 ನಿಮಿಷ. ಹಾಡಿಗೆ ನಾಲ್ಕೂವರೆ ನಿಮಿಷದ ಲೆಕ್ಕ ಹಿಡಿದರೆ ಸರಿಯಾಗಿ 60. ಇನ್ನೊಂದು ಹತ್ತು ಹಾಡು ಬೇರೆ ಎತ್ತಿಟ್ಟುಕೊಳ್ಳಿ. ಹಳೆಯ ಹಾಡುಗಳೇ ಹೆಚ್ಚಿದ್ದರೆ ಅವೂ ಬೇಕಾಗುತ್ತವೆ, ಏಕೆಂದರೆ ಅವು ಗಿಡ್ಡ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆಯಷ್ಟೇ ಹಿಡಿಯುತ್ತಿತ್ತು. ಆ ಅಳತೆ ತಟ್ಟೆ ಹೋದ ಮೇಲೂ ಬಹಳ ದಿನ ಉಳಿಯಿತು.

ಶಫಲ್‌ಗೆ ಹೊತ್ತು-ಗೊತ್ತು ಇಲ್ಲ, ನಿಮ್ಮ ಕೂಟ ಕೆಟ್ಟದ್ದು ಅಲ್ಲಿ. ಬಳ್ಳಾರಿಯ ಮೇ ತಿಂಗಳಲ್ಲಿ ಐದೂವರೆಗೆ ಮಾಳಿಗೆ ಇನ್ನೂ ಕಾದಿರುತ್ತದೆ. ಬಂದವರಿಗೆ ಆಗ ಮಜ್ಜಿಗೆ ಬೇಕು, ಕುಣಿತ ಬೇಡ. ಮೊದಲ ತಾಸಿಗೆ ಮಾತಿಗೆ ಅಡ್ಡ ಬಾರದ 13: ಕೊಳಲು, ಸಿತಾರ್, ಮೆಲುದನಿಯ ಭಾವಗೀತೆ. ಆರೂವರೆಯಿಂದ ಏಳೂವರೆಗೆ ಎಲ್ಲರ ಬಾಯಲ್ಲೂ ಇರುವ ಹಳೆಯ ಸಿನಿಮಾ ಹಾಡು 13. ಅಲ್ಲಿಂದ ಒಂಬತ್ತರವರೆಗೆ ಕುಣಿತಕ್ಕೆ 20. ಊಟದ ಅರ್ಧ ತಾಸಿಗೆ 7, ಕೊನೆಯ ಅರ್ಧ ತಾಸಿಗೆ 7. ರಂಗಗೀತೆ, ಬುರ್ರಕಥೆ ಹಾಕುವ ಆಸೆಯಿದ್ದರೆ ಊಟದ ಹೊತ್ತೇ ಸರಿ. ಅವು ಉದ್ದ, ಕೂತು ಕೇಳಬೇಕಾದವು. ಒಂದನ್ನು ಎರಡು ಮೂರು ಹಾಡಿನ ಲೆಕ್ಕಕ್ಕೆ ಹಿಡಿಯಿರಿ.

ಕಷ್ಟ ಇರುವುದು ಕುಣಿತದ ಇಪ್ಪತ್ತರಲ್ಲಿ. ಪ್ರತಿ ಹಾಡಿಗೂ ಕೈತಟ್ಟಿ 15 ಸೆಕೆಂಡಿನ ಪೆಟ್ಟು ಎಣಿಸಿ, ನಾಲ್ಕರಿಂದ ಗುಣಿಸಿ. 28 ಬಂದರೆ ನಿಮಿಷಕ್ಕೆ 112. ಈ ಸಂಖ್ಯೆಯನ್ನು ಹಾಡಿನ ಮುಂದೆ ಬರೆದು, 100ರ ಆಸುಪಾಸಿನಿಂದ ಶುರು ಮಾಡಿ ಐದು-ಹತ್ತರಂತೆ ಏರಿಸುತ್ತ 130ಕ್ಕೆ ಒಯ್ಯಿರಿ. 85ರ ಹಾಡಿನಿಂದ ಒಮ್ಮೆಲೇ 130ಕ್ಕೆ ಹಾರಿದರೆ ಎದ್ದವರೂ ಕೂರುತ್ತಾರೆ. ಮೂರು ಬಿರುಸಿನ ಹಾಡಾದ ಮೇಲೆ ಒಂದು ಇಳಿಸಿ. ಈ ಸೆಕೆಯಲ್ಲಿ ನೀರು ಕುಡಿಯಲು ಬಿಡುವು ಸಿಗದಿದ್ದರೆ ಜನ ತಾವೇ ಬಿಡುವು ಮಾಡಿಕೊಳ್ಳುತ್ತಾರೆ, ಮರಳಿ ಬರುವುದಿಲ್ಲ.

ಸಂಖ್ಯೆ ಹೊಂದಿದರೂ ಕಾಲು ತಪ್ಪುವುದುಂಟು. ಸಿನಿಮಾ ಕುಣಿತದ ಹಾಡು ಬಹುಪಾಲು ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ, ಕೆಹರವಾ ತಾಳದ ನಡೆ. ಜನಪದದಲ್ಲಿ ಎಷ್ಟೋ ಹಾಡು ಆರು ಮಾತ್ರೆಯ ದಾದ್ರಾ. ಒಂದು ನಾಲ್ಕು-ನಾಲ್ಕಾಗಿ ಬೀಳುತ್ತದೆ, ಇನ್ನೊಂದು ಮೂರು-ಮೂರಾಗಿ. ಕೆಹರವಾದ ಬೆನ್ನಿಗೇ ದಾದ್ರಾ ಬಂದರೆ ಮೊದಲ ಹತ್ತು ಸೆಕೆಂಡು ಎಲ್ಲರೂ ಒಬ್ಬರ ಕಾಲು ಒಬ್ಬರು ನೋಡುತ್ತ ನಿಲ್ಲುತ್ತಾರೆ. ನಡೆ ಬದಲಾಗುವ ಕಡೆ ತಾಳವಿಲ್ಲದ ಆಲಾಪದಿಂದ ತೆರೆದುಕೊಳ್ಳುವ ಹಾಡು ಇಡಿ, ಹೆಜ್ಜೆ ಕೂಡಿಕೊಳ್ಳಲು ಹೊತ್ತು ಸಿಗುತ್ತದೆ. ಆ ಜಾಗದಲ್ಲಿ ಕ್ರಾಸ್‌ಫೇಡ್ (ಒಂದು ಹಾಡು ಇಳಿಯುತ್ತಿದ್ದಂತೆ ಮುಂದಿನದು ಅದರ ಮೇಲೇ ಶುರುವಾಗುವುದು) ಹಾಕಬೇಡಿ. ಉಳಿದ ಕಡೆ ಮೂರು ನಾಲ್ಕು ಸೆಕೆಂಡು ಸಾಕು. ಹನ್ನೆರಡಕ್ಕೆ ಇಟ್ಟರೆ ಎರಡು ತಾಳ ಒಂದರ ಮೇಲೊಂದು ಬಿದ್ದು ಸಂತೆಯಾಗುತ್ತದೆ.

ಹಾಡು ಬದಲಿಸುವವರ ಕಾಟಕ್ಕೆ ಮದ್ದು: ಎರಡು ದಿನ ಮೊದಲೇ ತಲಾ ಮೂರು ಹಾಡು ಕೇಳಿ ತರಿಸಿಕೊಳ್ಳಿ. ಬಂದ 75ರಲ್ಲಿ ಪ್ರತಿಯೊಬ್ಬರದೂ ಒಂದಾದರೂ ಪಟ್ಟಿಯಲ್ಲಿರಲಿ. ನಮ್ಮ ಕಡೆ ಕನ್ನಡ, ತೆಲುಗು, ಹಿಂದಿ ಮೂರೂ ಬಂದೇ ಬರುತ್ತವೆ. ಒಂದೇ ಭಾಷೆಯ ಎರಡು ಹಾಡು ಸಾಲಾಗಿ ಬರಲಿ, ಐದು ಬೇಡ.

ಪ್ರಶ್ನೆ: ಒಂದು ಹಾಡು ಕಿವಿಗಡಚಿಕ್ಕುತ್ತದೆ, ಮುಂದಿನದು ಕೇಳುವುದೇ ಇಲ್ಲ. ಸ್ಪೀಕರ್ ಕೆಟ್ಟಿದೆಯೇ? ಪೆನ್‌ಡ್ರೈವ್‌ನಲ್ಲಿ ಹಾಡು ನಾವು ಇಟ್ಟ ಸಾಲಿನಲ್ಲೂ ಬರುವುದಿಲ್ಲ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಸ್ಪೀಕರ್ ಸರಿಯಿದೆ. ಈಚಿನ ಹಾಡುಗಳ ದನಿಯನ್ನು ಸ್ಟುಡಿಯೋದಲ್ಲೇ ಒತ್ತಿ ಮೇಲೇರಿಸಿರುತ್ತಾರೆ, ಹಳೆಯ ಧ್ವನಿಮುದ್ರಣದಲ್ಲಿ ಆ ಒತ್ತಡವಿಲ್ಲ. ಆ್ಯಪ್‌ನಲ್ಲಿ ನುಡಿಸುವುದಾದರೆ ಸೆಟ್ಟಿಂಗ್ಸ್‌ನ ನಾರ್ಮಲೈಸೇಶನ್ ಆನ್ ಮಾಡಿದರೆ ಮುಗಿಯಿತು. ಪೆನ್‌ಡ್ರೈವ್‌ಗೆ ಹಾಕುವ ಮುನ್ನ ಕಂಪ್ಯೂಟರ್‌ನಲ್ಲಿ ಎಂಪಿ3ಗೇನ್ ಎಂಬ ಉಚಿತ ತಂತ್ರಾಂಶದಿಂದ ಎಲ್ಲ ಹಾಡನ್ನೂ 89 ಡೆಸಿಬೆಲ್‌ಗೆ ಹೊಂದಿಸಿ. ಹಾಡಿನ ಗುಣಮಟ್ಟ ಕೆಡುವುದಿಲ್ಲ.

ಸಾಲು ತಪ್ಪುವುದು ಹೆಸರಿನಿಂದ. ಯಂತ್ರ ಅಕ್ಷರ ನೋಡಿ ಓದುತ್ತದೆ, ಹಾಗಾಗಿ 1 ಆದ ಮೇಲೆ 10, ಆಮೇಲೆ 2. ಕಡತಗಳಿಗೆ 01, 02 ಎಂದು ಹೆಸರಿಡಿ. ಕೆಲವು ಸ್ಪೀಕರ್ ಹೆಸರನ್ನೂ ನೋಡದೆ ಕಾಪಿ ಮಾಡಿದ ಸಾಲಿನಲ್ಲೇ ನುಡಿಸುತ್ತವೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಒಂದೊಂದಾಗಿ ಕ್ರಮದಲ್ಲಿ ಹಾಕಿದರೆ ಅದೂ ದಾರಿಗೆ ಬರುತ್ತದೆ. ಫಾರ್ಮ್ಯಾಟ್ ಫ್ಯಾಟ್32 ಇರಲಿ. ಎನ್‌ಟಿಎಫ್‌ಎಸ್ ಆದರೆ ಅಗ್ಗದ ಸ್ಪೀಕರ್‌ಗಳು ಪೆನ್‌ಡ್ರೈವ್ ಇದೆಯೆಂದೇ ಒಪ್ಪುವುದಿಲ್ಲ.

ಪ್ರಶ್ನೆ: ಗೆಳೆಯರೆಲ್ಲ ಸಣಾಪುರ ಕೆರೆ ಕಡೆ ಹೊರಟಿದ್ದೇವೆ. ಅಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಬ್ಲೂಟೂತ್ ಸ್ಪೀಕರ್ ಒಯ್ಯುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 320 ಕೆಬಿಪಿಎಸ್ ಗುಣಮಟ್ಟದಲ್ಲಿ ನಿಮಿಷಕ್ಕೆ 2.4 ಎಂಬಿ, ನಾಲ್ಕೂವರೆ ತಾಸಿಗೆ 650 ಎಂಬಿ ಜಾಗ ಸಾಕು. ಹೊರಡುವ ಮುನ್ನ ಡೇಟಾ ಆಫ್ ಮಾಡಿ ಮೊದಲ, ನಡುವಿನ, ಕೊನೆಯ ಹಾಡು ನುಡಿಸಿ ನೋಡಿ. ಡೌನ್‌ಲೋಡ್ ಅರ್ಧಕ್ಕೆ ನಿಂತದ್ದು ಇಲ್ಲೇ ಗೊತ್ತಾದರೆ ಒಳ್ಳೆಯದು.

ಹಾಡು ಹಾಕುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿ. ಇಲ್ಲವಾದರೆ ಒಂದು ಕರೆ ಬಂದರೂ ಹಾಡು ನಿಲ್ಲುತ್ತದೆ, ಮನೆಯವರ ಮಾತು ಬಂಡೆಗೆಲ್ಲ ಕೇಳಿಸುತ್ತದೆ. ಫೋನ್ ಕಿಸೆಯಲ್ಲಿ ಬೇಡ. ಬ್ಲೂಟೂತ್ ಅಲೆಯನ್ನು ಮೈಯ ನೀರು ಹೀರಿಕೊಳ್ಳುವುದರಿಂದ ನಡುವೆ ನಾಲ್ಕು ಜನ ನಿಂತರೆ ಹಾಡು ತುಂಡು ತುಂಡಾಗುತ್ತದೆ. ಸ್ಪೀಕರ್ ಪಕ್ಕದಲ್ಲೇ, ನೆರಳಿನಲ್ಲಿ ಇಡಿ. ಆಪಲ್ ತನ್ನ ಫೋನ್ ಬಳಕೆಗೆ ಹೇಳುವ ಮೇಲ್ಮಿತಿ 35 ಡಿಗ್ರಿ. ನಮ್ಮ ಮೇ ತಿಂಗಳ ನೆರಳೇ ಅದನ್ನು ದಾಟುತ್ತದೆ, ಬಿಸಿಲಿನ ಬಂಡೆಯ ಮಾತು ಬಿಡಿ. ಕಾದ ಫೋನನ್ನು ಐಸ್ ಡಬ್ಬಿಯೊಳಗೆ ಹಾಕಬೇಡಿ, ಒಳಗೆ ನೀರು ಕಟ್ಟುತ್ತದೆ. ಪವರ್‌ಬ್ಯಾಂಕ್ ಕಿತ್ತು ಒದ್ದೆ ಬಟ್ಟೆಯ ಗಾಳಿ ಹಾಕಿದರೆ ಹತ್ತು ನಿಮಿಷದಲ್ಲಿ ತಣಿಯುತ್ತದೆ.

ಪ್ರಶ್ನೆ: ಹತ್ತಾದ ಮೇಲೆ ಸಣ್ಣಗೆ ಹಾಕಿಕೊಂಡರೆ ನಡೆಯುತ್ತದೆಯೇ? ಕೆಳಮನೆಯವರು ಬಾಗಿಲು ಬಡಿಯುತ್ತಾರೆ.
– ಓದುಗರೊಬ್ಬರು, ರಾಯಚೂರು

ಉತ್ತರ: 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಬಡಾವಣೆಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಹತ್ತಕ್ಕೆ ಐದು ನಿಮಿಷ ಇರುವಾಗ ಕೊನೆಯ ಹಾಡು ಮುಗಿಯಲಿ. ಹತ್ತರೊಳಗೂ ಕೆಳಗಿನವರಿಗೆ ತಟ್ಟುವುದು ಹಾಡಿಗಿಂತ ಹೆಚ್ಚಾಗಿ ಬೇಸ್, ಅದು ಸ್ಲ್ಯಾಬ್ ಹಿಡಿದು ಇಳಿಯುತ್ತದೆ. ಸ್ಪೀಕರನ್ನು ನೆಲಕ್ಕಾಗಲಿ ಗೋಡೆಯ ಮೂಲೆಗಾಗಲಿ ತಾಗಿಸದೆ, ಮರದ ಸ್ಟೂಲಿನ ಮೇಲೆ ಮಡಿಸಿದ ಕಂಬಳಿ ಹಾಸಿ ಇಡಿ. ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ಒಮ್ಮೆ ನೀವೇ ಕೆಳಮನೆಗೆ ಹೋಗಿ ಕೇಳಿ ನೋಡಿ.