ನೀರು ಯಾರದು, ಕಾಯುವವರು ಯಾರು

ಪ್ರಶ್ನೆ: ಮೇಡಂ, ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯವಳು, ಮಾನವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಮೇ ಕೊನೆಯಲ್ಲಿ ನಮ್ಮ ತರಗತಿಯವರನ್ನು ಹನ್ನೆರಡು ದಿನದ ಕ್ಷೇತ್ರಕಾರ್ಯಕ್ಕೆ ನೇಪಾಳದ ಕಠ್ಮಂಡು ಕಣಿವೆಗೆ ಕರೆದುಕೊಂಡು ಹೋಗುತ್ತಾರೆ. ಒಬ್ಬೊಬ್ಬರೂ ಒಂದೊಂದು ವಿಷಯ ಆರಿಸಿಕೊಳ್ಳಬೇಕು. ಅರಮನೆ, ಸ್ತೂಪ, ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿ ಎಂದು ಗೆಳತಿಯರು ಆಗಲೇ ಹಂಚಿಕೊಂಡಿದ್ದಾರೆ. ನನಗೆ ನೇಪಾಳಿ ಬಾರದು, ಇಂಗ್ಲಿಷ್‌ನಲ್ಲಿ ತಡವರಿಸುತ್ತೇನೆ. ಅಮ್ಮ ಡೇರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಿನಲ್ಲಿ ಹೋಗುತ್ತಿದ್ದೇನೆ. ಅದು ದಂಡವಾಗಬಾರದು. ನಾನು ಏನನ್ನು ಅಧ್ಯಯನ ಮಾಡಲಿ?

ಉತ್ತರ: ಮಗಳೇ, ಅರಮನೆ, ಸ್ತೂಪಗಳೆಲ್ಲ ಹಂಚಿಹೋದದ್ದು ಒಳ್ಳೆಯದೇ ಆಯಿತು. ನೀನು ನೀರನ್ನು ತೆಗೆದುಕೋ.

ಕೋಲಾರ ಸೀಮೆಯವಳಿಗೆ ಅಂತರಗಂಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಟ್ಟದ ಮೆಟ್ಟಿಲು ಹತ್ತಿ ಹೋದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಕಠ್ಮಂಡು ಕಣಿವೆಯಲ್ಲಿ ಬಸವನ ಜಾಗದಲ್ಲಿ ಮಕರವಿದೆ. ನಮ್ಮ ಕಲ್ಯಾಣಿಯಂತೆ ನೆಲಮಟ್ಟದಿಂದ ಮೆಟ್ಟಿಲಿಳಿದು ಹೋಗಬೇಕು. ಕೆಳಗೆ ಗೋಡೆಯಿಂದ ಚಾಚಿದ ಮಕರದ ಬಾಯಲ್ಲಿ ಧಾರೆ ಸುರಿಯುತ್ತದೆ. ಅಲ್ಲಿನ ಮೂಲನಿವಾಸಿಗಳಾದ ನೇವಾರರು ಇದನ್ನು ‘ಹಿಟಿ’ ಎನ್ನುತ್ತಾರೆ, ನೇಪಾಳಿಯಲ್ಲಿ ‘ಢುಂಗೆ ಧಾರಾ’, ಅಂದರೆ ಕಲ್ಲಿನ ಧಾರೆ. ಅದೇ ಕಣಿವೆಯ ಪಾಟನ್ ನಗರದ ಅರಮನೆ ಚೌಕದ ಮಂಗಾ ಹಿಟಿ ಕ್ರಿ.ಶ. 570ರದು, ಲಿಚ್ಛವಿ ಅರಸರ ಕಾಲದ್ದು. ಬೆಟ್ಟದ ತಪ್ಪಲಿನಿಂದ ಕಾಲುವೆಯಲ್ಲಿ ತಂದ ನೀರು ಕೊಳಗಳನ್ನು ತುಂಬಿ, ನೆಲದೊಳಗೆ ಇಂಗಿ, ಮರಳು ಜಲ್ಲಿಗಳಲ್ಲಿ ಸೋಸಿಕೊಂಡು ಮಕರದ ಬಾಯಿಗೆ ಬರುವಂತೆ ಕಟ್ಟಿದ್ದರು. ಕಾಲುವೆ ಕಡಿದದ್ದು, ಕೊಳ ಮುಚ್ಚಿದ್ದು, ಕೊಳವೆಬಾವಿ ಕೊರೆದದ್ದು, ಇವುಗಳಿಂದ ಎಷ್ಟೋ ಹಿಟಿಗಳು ಬತ್ತಿವೆ. ಈ ಕತೆಯನ್ನು ನಿನಗೆ ಬಿಡಿಸಿ ಹೇಳಬೇಕೇ?

ನಾನು ಮೊದಲ ಸಲ ಪಾಟನ್‌ಗೆ ಹೋದದ್ದು 1996ರಲ್ಲಿ, ವಿದ್ಯಾರ್ಥಿಗಳ ಜೊತೆ. ಮೊದಲ ಮೂರು ದಿನ ಗುಡಿಗಳ ಅಂತಸ್ತು ಎಣಿಸಿದೆ, ತೊಲೆಗಳ ಕೆತ್ತನೆ ಗುರುತು ಹಾಕಿಕೊಂಡೆ. ಜನರೊಂದಿಗೆ ಒಂದು ಮಾತೂ ಆಡಿರಲಿಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ನಿದ್ದೆ ಬಾರದೆ ಒಂದು ಹಿಟಿಗೆ ಇಳಿದೆ. ಹತ್ತು ಹನ್ನೆರಡು ಹೆಂಗಸರು ತಾಮ್ರದ ಬಿಂದಿಗೆ, ಪ್ಲಾಸ್ಟಿಕ್ ಕ್ಯಾನು ಸಾಲಾಗಿಟ್ಟು ಕೂತಿದ್ದರು. ಧಾರೆ ಬೀಳುವ ಚಪ್ಪಡಿಯಲ್ಲಿ, ಇಟ್ಟ ಬಿಂದಿಗೆ ಅಲುಗದ ಹಾಗೆ, ಅದರ ತಳದಷ್ಟೇ ಅಗಲದ ಗುಣಿ ಬಿದ್ದಿತ್ತು. ಯಾರೂ ಕೊರೆದದ್ದಲ್ಲ, ಇಟ್ಟು ಇಟ್ಟು ಸವೆದದ್ದು. ನನ್ನ ಸರದಿ ಬಂದಾಗ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬಾಯಿಗೆ ಕಚ್ಚಿ ಕುಡಿದು, ಹಾಗೆಯೇ ಮಕರದ ಬಾಯಿಗೆ ಹಿಡಿಯಲು ಹೋದೆ. ಪಕ್ಕದ ಮುದುಕಿ ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಮಾತು ಹೇಳಿದಳು: “ಜುಠೋ.”

ನನಗೆ ಯಾರೂ ಅದನ್ನು ಅನುವಾದಿಸಿಕೊಡಬೇಕಾಗಿರಲಿಲ್ಲ. ಎಂಜಲು! ನನ್ನ ಅಜ್ಜಿ ಹಿತ್ತಿಲ ಬಾವಿಯ ಬಳಿ ಇದೇ ಸ್ವರದಲ್ಲಿ ಗದರುತ್ತಿದ್ದಳು. ನಾನು ನಾಚಿ ಬಾಟಲಿಯ ಬಾಯಿ ತೊಳೆದೆ. ಮುದುಕಿ ನಕ್ಕು ತನ್ನ ಬಿಂದಿಗೆ ಸರಿಸಿ ಜಾಗ ಬಿಟ್ಟಳು. ಮೂರು ದಿನದ ಅಳತೆಗಳಿಗಿಂತ ಹೆಚ್ಚನ್ನು ನಾನು ಆ ಒಂದು ಮಾತಿನಿಂದ ಕಲಿತೆ. ಆದ್ದರಿಂದ ಭಾಷೆ ಬಾರದೆಂದು ಕುಗ್ಗಬೇಡ. ಬಿಂದಿಗೆ ಹೊತ್ತು ಸಾಲಿನಲ್ಲಿ ನಿಂತವಳಿಗೆ ಕಾಣುವುದು ಕ್ಯಾಮೆರಾ ಹಿಡಿದು ಮೆಟ್ಟಿಲ ಮೇಲೆ ನಿಂತವಳಿಗೆ ಕಾಣುವುದಿಲ್ಲ.

ಇನ್ನು ಕೇಳಬೇಕಾದ ಪ್ರಶ್ನೆ. ‘ಇದು ಎಷ್ಟು ಹಳೆಯದು’ ಎಂದು ಎಲ್ಲರೂ ಕೇಳುತ್ತಾರೆ. ನೀನು ‘ಇದನ್ನು ತೊಳೆಯುವವರು ಯಾರು, ಅವರಿಗೆ ಅನ್ನ ಕೊಡುವವರು ಯಾರು’ ಎಂದು ಕೇಳು. ಉತ್ತರ ಹುಡುಕುತ್ತ ಹೋದರೆ ‘ಗುಠಿ’ ಸಿಗುತ್ತದೆ. ಗುಡಿ, ಜಾತ್ರೆ, ಧರ್ಮಛತ್ರ, ನೀರು, ಶವಸಂಸ್ಕಾರ, ಒಂದೊಂದಕ್ಕೂ ಒಂದೊಂದು ಕೂಟ. ಹಲವು ಕೂಟಗಳಿಗೆ ಬಿಟ್ಟುಕೊಟ್ಟ ಜಮೀನು, ಅದರ ಹುಟ್ಟುವಳಿಯಿಂದ ಕೆಲಸ. 1964ರಲ್ಲಿ ಗುಠಿ ಸಂಸ್ಥಾನ ಎಂಬ ಸರ್ಕಾರಿ ಸಂಸ್ಥೆ ಬಂದು ಬಹಳಷ್ಟು ಜಮೀನು ಅದರ ಕೈಗೆ ಹೋಯಿತು. 2019ರಲ್ಲಿ ಉಳಿದ ಗುಠಿಗಳನ್ನೂ ಪ್ರಾಧಿಕಾರದ ಅಡಿ ತರುವ ಮಸೂದೆ ಬಂದಾಗ ಜನ ಸಾವಿರಗಟ್ಟಲೆ ಬೀದಿಗಿಳಿದರು. ಸರ್ಕಾರ ಮಸೂದೆಯನ್ನು ಹಿಂದಕ್ಕೆ ಪಡೆಯಿತು.

ಇದಕ್ಕೂ ನಮ್ಮ ನೀರುಗಂಟಿಗೂ ಎಷ್ಟು ಹತ್ತಿರದ ನಂಟು ನೋಡು. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನಿಗೆ ಇನಾಮು ಜಮೀನಿತ್ತು, ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲಿತ್ತು. ಕೆರೆ ಬತ್ತಿತು, ಪಾಲು ನಿಂತಿತು, ಮಕ್ಕಳು ಬೆಂಗಳೂರಿಗೆ ಹೋದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ನೀರು ಬಂದ ಊರಿನಲ್ಲಿ ತೂಬಿನ ಲೆಕ್ಕ ಬಲ್ಲ ನೀರುಗಂಟಿ ಉಳಿದಿದ್ದಾನೆಯೇ? ನೇಪಾಳಕ್ಕೆ ಹೊರಡುವ ಮುನ್ನ ನಿಮ್ಮೂರಿನ ನೀರುಗಂಟಿಯ ಮನೆಗೆ ಹೋಗಿ ಒಂದು ಮಧ್ಯಾಹ್ನ ಕೂತು ಬಾ. ಇದು ನಾನು ನಿನಗೆ ಕೊಡುವ ಮನೆಗೆಲಸ. ಇದನ್ನು ಮಾಡದೆ ವಿಮಾನ ಹತ್ತಬೇಡ.

ಸುಲಭವಲ್ಲದ ಇನ್ನೊಂದು ಪ್ರಶ್ನೆಯನ್ನೂ ಒಯ್ಯಬೇಕು. ನಮ್ಮಲ್ಲಿ ನೀರು ಹಂಚಿದ ನೀರುಗಂಟಿಗಳು ಬಹುಮಟ್ಟಿಗೆ ದಲಿತರು. ಅವರು ಹಂಚಿದ ನೀರಿನಲ್ಲಿ ಬೆಳೆದದ್ದನ್ನು ಉಂಡ ಊರು ಅವರನ್ನು ಬಾವಿಕಟ್ಟೆಗೆ ಸೇರಿಸಲಿಲ್ಲ. ನೇಪಾಳದಲ್ಲಿ 1854ರ ಮುಲುಕಿ ಐನ್ ಎಂಬ ಕಾನೂನು, ಯಾರ ಕೈಯ ನೀರು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದೇ ಜಾತಿಗಳನ್ನು ವಿಂಗಡಿಸಿತ್ತು. 1963ರ ಸಂಹಿತೆಯಲ್ಲಿ ಆ ಭೇದ ಕಾನೂನಿನಿಂದ ಹೋಯಿತು. ಅಷ್ಟು ಚೆಂದದ ಮಕರದ ಮುಂದೆ ನಿಂತಾಗ, ಈ ಮೆಟ್ಟಿಲು ಇಳಿಯಲಾಗದೆ ಮೇಲೆಯೇ ನಿಂತವರು ಯಾರು ಎಂದು ನೆನೆಯದಿದ್ದರೆ ನಮ್ಮ ಶಾಸ್ತ್ರ ಬರಿಯ ಪ್ರವಾಸವಾಗುತ್ತದೆ. ಈ ಮಾತನ್ನು ಮೊದಲ ದಿನವೇ ಯಾರ ಮುಂದೆಯೂ ಎತ್ತಬೇಡ. ಪರಿಚಯ ಬೆಳೆಯಲಿ.

ನೀನು ಹೋಗುವ ಕಾಲವೂ ಚೆನ್ನಾಗಿದೆ. ಜ್ಯೇಷ್ಠ ಶುದ್ಧ ಷಷ್ಠಿಯಂದು ನೇವಾರರ ‘ಸಿಥಿ ನಖ’ ಹಬ್ಬ. ಮಳೆಗಾಲ ಹಿಡಿಯುವ ಮುನ್ನ ಬಾವಿ, ಕೊಳ, ಹಿಟಿಗಳನ್ನು ಶುಚಿಮಾಡುವ ದಿನ ಅದು. ಪಂಚಾಂಗ ನೋಡಿ, ನಿಮ್ಮ ಹನ್ನೆರಡು ದಿನದೊಳಗೆ ಅದು ಬೀಳುವಂತಿದ್ದರೆ ಅಂದು ಬೇರೆಲ್ಲಿಗೂ ಹೋಗಬೇಡ. ಹಳೆಯ ಸೀರೆಯೋ ಚೂಡಿದಾರವೋ ತೊಟ್ಟು, ಕರೆದರೆ ಪೊರಕೆ ಹಿಡಿ.

ಟಿಪ್ಪಣಿಯನ್ನು ಅಂದಂದಿನ ರಾತ್ರಿಯೇ ಬರೆ, ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಬಳಿಯ ಹಳ್ಳಿಯಲ್ಲಿ ಕೂತು ಮಾಡಿದ ಕ್ಷೇತ್ರಕಾರ್ಯವನ್ನು ಆಧರಿಸಿ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಅವರು ನೆನಪಿನಿಂದಲೇ ಆ ಊರನ್ನು ಮತ್ತೆ ಬರೆದರು. ಆ ಊರಿಗೆ ರಾಂಪುರ ಎಂದು ಬೇರೆ ಹೆಸರಿಟ್ಟಿದ್ದರು. ನೀನೂ ಮಾತು ಕೊಟ್ಟವರ ಹೆಸರನ್ನು ಮುಚ್ಚಿಡು.

ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇರಲಿ, ಆಧಾರ್ ಒಂದನ್ನೇ ನಂಬಿ ಹೋಗಬೇಡ.

ಪ್ರಶ್ನೆ: ಕುಮಾರಿ ದೇವಿಯ ಫೋಟೊ ತೆಗೆಯಬಹುದೇ? ಪಶುಪತಿನಾಥದಲ್ಲಿ? (ಚಿಂತಾಮಣಿಯ ವಿದ್ಯಾರ್ಥಿ)

ಉತ್ತರ: ಕುಮಾರಿಯ ಫೋಟೊ ತೆಗೆಯುವುದು ನಿಷಿದ್ಧ. ಆಕೆ ಕಿಟಕಿಗೆ ಬಂದಾಗ ಕೈಮುಗಿಯಿರಿ, ಇಲ್ಲವೇ ಸುಮ್ಮನೆ ನಿಲ್ಲಿರಿ. ಆಕೆ ಇನ್ನೂ ಪುಟ್ಟ ಮಗು. ಕುಮಾರಿಯರ ಓದಿನ ಹಕ್ಕನ್ನು 2008ರಲ್ಲಿ ನೇಪಾಳದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ.

ಪಶುಪತಿನಾಥದ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು. ಕನ್ನಡ ಕೇಳಿ ಹಿಗ್ಗಿ, ಅಷ್ಟಕ್ಕೇ ತೃಪ್ತರಾಗಿ ಬರಬೇಡಿ. ದೇವಾಲಯದ ಪಕ್ಕ ಬಾಗ್ಮತಿ ದಂಡೆಯಲ್ಲಿ ಚಿತೆಗಳು ಉರಿಯುತ್ತಿರುತ್ತವೆ, ಎದುರು ದಂಡೆಯಲ್ಲಿ ಪ್ರವಾಸಿಗಳ ಕ್ಯಾಮೆರಾಗಳು ಸಾಲಾಗಿ ನಿಂತಿರುತ್ತವೆ. ನಿಮ್ಮ ತಂದೆಯ ಚಿತೆಯ ಎದುರು ಅಪರಿಚಿತನೊಬ್ಬ ಹಾಗೆ ನಿಂತರೆ ನೀವು ಏನು ಮಾಡುತ್ತಿದ್ದಿರಿ? ಮೊಬೈಲ್ ಚೀಲದಲ್ಲಿರಲಿ.

ಪ್ರಶ್ನೆ: ನಾನು ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವನು. ಮಗ ಇದೇ ಪ್ರವಾಸಕ್ಕೆ ಹೊರಟಿದ್ದಾನೆ. ವಿಗ್ರಹ ನೋಡಲು ನೇಪಾಳಕ್ಕೆ ಹೋಗಬೇಕೇ, ಮನೆ ಅಂಗಳದಲ್ಲೇ ಇಲ್ಲವೇ?

ಉತ್ತರ: ಸ್ವಾಮಿ, ನಿಮ್ಮ ಅಂಗಳದ ವಿದ್ಯೆ ದೊಡ್ಡದು. ಅದಕ್ಕೇ ಅವನನ್ನು ಕಳಿಸಿ ಎನ್ನುತ್ತೇನೆ. ಪಾಟನ್‌ನ ಓಕುಬಹಾಲ್ ಓಣಿಯಲ್ಲಿ ಶಾಕ್ಯ ಮನೆತನದವರು ಲೋಹದ ವಿಗ್ರಹ ಎರಕ ಹೊಯ್ಯುತ್ತಾರೆ. ಮೊದಲು ಮೇಣದಲ್ಲಿ ದೇವರನ್ನು ತಿದ್ದುತ್ತಾರೆ, ಬೆರಳ ಉಗುರಿನವರೆಗೂ. ಅದರ ಮೇಲೆ ಪದರ ಪದರವಾಗಿ ಮಣ್ಣು ಮೆತ್ತಿ ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಆ ಟೊಳ್ಳಿಗೆ ಲೋಹ ಹೊಯ್ಯುತ್ತಾರೆ. ಕೊನೆಗೆ ಮಣ್ಣಿನ ಅಚ್ಚು ಒಡೆಯಲೇಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ವಿಗ್ರಹ. ನೀವು ಕಲ್ಲಿನಲ್ಲಿ ಬೇಡದ್ದನ್ನು ಕಳೆಯುತ್ತ ಹೋಗುತ್ತೀರಿ, ಅವರು ಮೇಣದಲ್ಲಿ ಸೇರಿಸುತ್ತ ಹೋಗುತ್ತಾರೆ. ಚಾಣದ ಏಟು ಕೇಳುತ್ತಲೇ ಬೆಳೆದ ನಿಮ್ಮ ಮಗನ ಕಣ್ಣಿಗೆ ಕಾಣುವ ವ್ಯತ್ಯಾಸ ನನ್ನಂಥ ಪುಸ್ತಕದವಳಿಗೆ ಕಾಣುವುದಿಲ್ಲ. ಅವನ ಚೀಲದಲ್ಲಿ ನಿಮ್ಮದೊಂದು ಹಳೆಯ ಚಾಣ ಇರಲಿ, ಕೈಚೀಲದಲ್ಲಿ ಬೇಡ, ವಿಮಾನದೊಳಗೆ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ. ಅಲ್ಲಿನ ಕುಶಲಕರ್ಮಿಯ ಮುಂದೆ ಅದನ್ನು ಇಟ್ಟು ಪಕ್ಕದಲ್ಲಿ ಕೂರಲಿ. ಮಾತು ಅವರೇ ಶುರುಮಾಡುತ್ತಾರೆ.